ಮೊದಲ ಕೋರ್ಟಿನ ಕುರಿ ಹೆಜ್ಜೆಗಳು

"ಡಾಕ್ಟ್ರಮ್ಮಾ, ಕೋರ್ಟ್ ಹೋತು! ಕುರಿ ತುಳಿದು ಹಾಳು ಮಾಡ್ಯಾವೆ!"

ಬುಧವಾರ ಬೆಳಿಗ್ಗೆ ಆರೂವರೆಗೆ ಗೊಲ್ಲಪ್ಪ ನಮ್ಮ ಗೇಟಿನ ಹೊರಗೆ ನಿಂತು ಕೂಗಿದಾಗ ನಾನು ಹಾಲು ಕಾಯಲಿಟ್ಟು ಆಗಷ್ಟೇ ತಿರುಗಿದ್ದೆ. ಅಂದು ಹನ್ನೊಂದಕ್ಕೆ ಟೆನಿಸ್ ಒಕ್ಕೂಟದ ವೀಕ್ಷಕರು ಬರುವವರಿದ್ದರು. ಚಿತ್ರದುರ್ಗದ ನಮ್ಮ ಸಣ್ಣ ಕ್ಲಬ್ಬು ಆರು ವರ್ಷಗಳಿಂದ ನಡೆಸುತ್ತಿದ್ದ ಮಹಿಳೆಯರ ವೃತ್ತಿಪರ ಟೂರ್ನಿ ಇಲ್ಲೇ ಉಳಿಯುತ್ತದೋ ಇಲ್ಲವೋ ಎಂಬುದು ಅವರ ಸಹಿಯ ಮೇಲೆ ನಿಂತಿತ್ತು. ಅವರು ನೋಡಬೇಕಿದ್ದದ್ದು ನಮ್ಮ ಮೊದಲ ಮಣ್ಣಿನ ಕೋರ್ಟನ್ನು.

ಕ್ಲಬ್ಬಿನ ಸಹಕಾರ್ಯದರ್ಶಿ ನಾನು, ಶೋಭಾರಾಣಿ. ಆದರೂ ಕೋರ್ಟು ನೋಡಿಕೊಳ್ಳುವ ಗೊಲ್ಲಪ್ಪ ನನ್ನನ್ನು ಬಿಟ್ಟು ನಮ್ಮ ಮಹಡಿಯಲ್ಲಿರುವ ಮೀನಾಕ್ಷಿಯವರನ್ನು ಕೂಗಿದ್ದು ನನಗೆ ವಿಚಿತ್ರವೆನಿಸಲಿಲ್ಲ. ಹಿರಿಯೂರಿನಲ್ಲಿ ಪಶುವೈದ್ಯೆಯಾಗಿದ್ದು ನಿವೃತ್ತರಾದ ಅವರಿಗೆ ದುರ್ಗದ ಜನ ಕಳೆದ ಒಡವೆಯ, ಬದಲಾದ ಅಂಕಪಟ್ಟಿಯ ಒಗಟುಗಳನ್ನು ಒಪ್ಪಿಸಿ ಉತ್ತರ ಪಡೆದಿದ್ದರು. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಇಳಿದು ಬಂದರು.

"ನಡಿ ಶೋಭಾ, ಹೋಗಾಣ. ಒಲೆ ಆರಿಸು ಮೊದಲು."

ಕೋರ್ಟಿನ ಗೇಟಿನಲ್ಲಿ ನಿಂತು ಒಳಗೆ ನೋಡಿದೆ. ಹಿಂದಿನ ಸಂಜೆ ನೀರು ಹಾಕಿ, ರೋಲರ್ ಎಳೆದು ನುಣುಪು ಮಾಡಿದ್ದ ಕೆಂಪು ಮಣ್ಣಿನ ತುಂಬ ಗೊರಸಿನ ಗುಳಿಗಳು. ಅಲ್ಲಲ್ಲಿ ಹಿಕ್ಕೆ. ಬಿಳಿ ಗೆರೆಗಳು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಗೆರೆಯಾಗಿ ಹಾಸಿದ ಆ ಪ್ಲಾಸ್ಟಿಕ್ ಪಟ್ಟಿಗಳಿಗೆ ಮೊದಲ ವರ್ಷ ಮಂಡಿಯೂರಿ ಮೊಳೆ ಹೊಡೆದವರು ನಾನು ಮತ್ತು ಟೂರ್ನಿಯ ನಿರ್ದೇಶಕ ಮೋಹನ್‌ಕುಮಾರ್.

ಖಜಾಂಚಿ ಯೋಗೇಶ್ ಆಗಲೇ ಬಂದು ಕೂಗಾಡುತ್ತಿದ್ದ. ಟೂರ್ನಿ ನಿಲ್ಲಿಸಿ ಅಲ್ಲೊಂದು ಮದುವೆ ಹಾಲ್ ಕಟ್ಟಬೇಕೆಂಬುದು ಅವನ ಹಳೆಯ ಆಸೆ.

"ಲೇ ಗೊಲ್ಲಪ್ಪ, ನಿನ್ನ ಭಾವ ಪಾಲಯ್ಯನ ಕುರಿಮಂದೆ ಪಕ್ಕದ ಹೊಲದಾಗೇ ಐತಲ್ಲೋ! ಗೊಬ್ಬರಕ್ಕೆ ನಿಲ್ಲಿಸಿದ್ದೋ, ನಮ್ ಮಾನ ಕಳೆಯಾಕೆ ನಿಲ್ಲಿಸಿದ್ದೋ?"

"ಚಿಲಕ ಹಾಕೇ ಹೋಗಿದ್ದೆ ಸಾರ್. ನನ್ ಮಗಳ ಆಣೆಗೂ."

ಅವನ ಮಗಳು ಕಾವ್ಯಶ್ರೀ ಈ ವರ್ಷ ಇದೇ ಕೋರ್ಟಿನಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಬೇಕಿತ್ತು.

ಅಂಪೈರ್ ಕುರ್ಚಿಯ ಬುಡದಲ್ಲಿ ತಲೆ ಹಿಡಿದು ಕುಳಿತಿದ್ದ ಮೋಹನ್ ಮೆಲ್ಲಗೆ ಹೇಳಿದ: "ಬೈಬ್ಯಾಡ ಯೋಗೇಶ್. ಮರೆತಿರ್ತಾನೆ ಪಾಪ. ವೀಕ್ಷಕರಿಗೆ ಫೋನ್ ಮಾಡಿ, ಕೋರ್ಟ್ ಆಗಲ್ಲ, ಬರಬ್ಯಾಡ್ರಿ ಅಂತ ಹೇಳಾಣ."

ಅವನ ಆ ಮೃದು ಮಾತಿಗೆ ನನ್ನ ಕಣ್ಣು ತುಂಬಿತು.

"ಬರ್ಲಿ ಬಿಡ್ರಿ," ಎಂದರು ಡಾಕ್ಟ್ರಮ್ಮ. "ಅವರೂ ಕುರಿ ನೋಡ್ಲಿ."

ಅವರು ಕೋರ್ಟಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಗುಳಿಗಳನ್ನು ಗೇಣಿನಲ್ಲಿ ಅಳೆದರು. ಹಿಕ್ಕೆಯೊಂದನ್ನು ಬೆರಳಲ್ಲಿ ಒತ್ತಿದರು; ಅದು ಪುಡಿಪುಡಿಯಾಯಿತು. ಆಮೇಲೆ ಕೋರ್ಟಿನ ಉತ್ತರದ ತುದಿಯವರೆಗೆ ಹೊರಗಿನಿಂದಲೇ ನಡೆದು, ಹತ್ತಡಿ ಎತ್ತರದ ತಂತಿಬೇಲಿಯನ್ನು ಅಲುಗಾಡಿಸಿ ನೋಡಿ ಬಂದರು. ಆ ಕಡೆ ಗೇಟಿಲ್ಲ. ಇರುವುದೊಂದೇ ಗೇಟು, ದಕ್ಷಿಣಕ್ಕೆ.

"ಗೊಲ್ಲಪ್ಪ, ಬಾ ಇಲ್ಲಿ. ಇದು ಯಾವ ಕಾಲು?"

ಅವನು ಬಗ್ಗಿ ನೋಡಿದ. ಅವನ ಮುಖ ಬೂದಿಯಂತಾಯಿತು.

"ಗೊತ್ತಾಗಂಗಿಲ್ಲ ಡಾಕ್ಟ್ರಮ್ಮ."

ಮತ್ತೋಡು ಎಂಬ ಊರಿನಲ್ಲಿ ಕುರಿಗಳ ನಡುವೆಯೇ ಬೆಳೆದು, ನಡೆದ ಜಾಡು ನೋಡಿಯೇ ಕುಂಟುವ ಕುರಿಯನ್ನು ಹೇಳಬಲ್ಲವನು ಗೊಲ್ಲಪ್ಪ. ಅವನು ಸುಳ್ಳು ಹೇಳುತ್ತಿದ್ದ. ಡಾಕ್ಟ್ರಮ್ಮ ಅವನನ್ನು ಗೋಡೆಯ ಮರೆಗೆ ಕರೆದೊಯ್ದು ತುಸು ಹೊತ್ತು ಮಾತಾಡಿದರು. ಹಿಂದಿರುಗುವಾಗ ಯಾರಿಗೋ ಫೋನ್ ಮಾಡಿ ಮಂಡಿನೋವಿನ ಬಗ್ಗೆ ವಿಚಾರಿಸುತ್ತಿದ್ದರು.

"ಶೋಭಾ, ಭಾನುವಾರ ಚಂದ್ರವಳ್ಳಿ ಕೆರೆ ಹತ್ತಿರ ಕಮಿಟಿ ಊಟ ಮಾಡಿದ್ರಲ್ಲ, ಏನೇನಾಯ್ತು?"

ನಾನು ನೆನಪಾದದ್ದನ್ನೆಲ್ಲ ಹೇಳಿದೆ. ಪಾಲಯ್ಯನಿಂದ ಒಂದು ಟಗರು ಕೊಂಡದ್ದು. ಗೊಲ್ಲಪ್ಪನೇ ಕಡಿದು ಹಸನು ಮಾಡಿದ್ದು. ಯೋಗೇಶ್ ಮೂರು ಸಲ ಬಡಿಸಿಕೊಂಡು ಅಡುಗೆಯನ್ನು ಬೈದದ್ದು. ತಾಯಿಗೆ ಮಂಡಿನೋವು, ಕಾಲು ಸೂಪು ಮಾಡಿಸಬೇಕು ಎಂದು ಮೋಹನ್ ಒಂದು ಚೀಲ ಹಿಡಿದು ಬೇಗ ಹೊರಟದ್ದು.

"ಗೆರೆ ನೋಡಿದೆಯಾ?"

"ನೋಡಿದೆ."

"ಏನನ್ನಿಸ್ತು?"

"ಏನೂ ಅನ್ನಿಸಲಿಲ್ಲ," ಎಂದೆ. ನಾನು ಡಾಕ್ಟ್ರಮ್ಮನಿಗೆ ಹೇಳಿದ ಮೊದಲ ಸುಳ್ಳು ಅದು.

ಹನ್ನೊಂದಕ್ಕೆ ವೀಕ್ಷಕ ಚೇತನ್‌ಕುಮಾರ್ ಬಂದರು. ಡಾಕ್ಟ್ರಮ್ಮ ನೆಟ್ಟಿನ ಪಕ್ಕದಲ್ಲಿ ಐದಾರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕರೆದರು: "ಬರ್ರಿ, ಎಲ್ಲ ಇಲ್ಲೇ ಬಂದು ಕುಂತ್ಕಳ್ರಿ. ಹೇಗೂ ಹಾಳಾಗಿರೋ ಕೋರ್ಟು, ತುಳೀರಿ."

ನಾನು ಡಾಕ್ಟ್ರಮ್ಮನ ಜೊತೆ ಬೇಲಿಯಂಚಿನಿಂದ ಬಂದು ಆಗಲೇ ನೆಟ್ಟಿನ ಬಳಿ ಇದ್ದೆ; ಉಳಿದವರೆಲ್ಲ ಗೇಟಿನಿಂದ ನಡೆದು ಬಂದರು. ಡಾಕ್ಟ್ರಮ್ಮ ಯಾರ ಮುಖವನ್ನೂ ನೋಡದೆ ನೆಲವನ್ನೇ ನೋಡುತ್ತಿದ್ದರು. ಎಲ್ಲರೂ ಕುಳಿತ ಮೇಲೆ ಮಾತು ಶುರು ಮಾಡಿದರು.

"ಮೊದಲನೇದು, ಹಿಕ್ಕೆ. ಈಗ ತಾನೇ ಮಂದೆಯಿಂದ ಎದ್ದು ಬಂದ ಕುರಿ ಹಸಿ ಹಿಕ್ಕೆ ಹಾಕ್ತದೆ. ಇದು ನಾಲ್ಕು ದಿನದ ಒಣಗಿದ್ದು. ಗುಡಿಸಿ ತಂದು ಚೆಲ್ಲಿದ್ದು. ಎರಡನೇದು, ಹೆಜ್ಜೆ ಎಲ್ಲವೂ ಉತ್ತರಕ್ಕೇ ಮುಖ ಮಾಡ್ಯಾವೆ. ಅಲ್ಲಿ ಬೇಲಿ. ಒಳಗೆ ಬಂದ ಕುರಿ ವಾಪಸ್ ಹೋಗಿದ್ದೆಲ್ಲಿ? ಹಾರಿ ಹೋದ್ವಾ ಯೋಗೇಶ್?"

"ನನ್ನನ್ನ ಕೇಳಿದ್ರೆ?" ಯೋಗೇಶ್ ಹುಬ್ಬು ಗಂಟಿಕ್ಕಿದ.

"ಮೂರನೇದನ್ನ ಗೊಲ್ಲಪ್ಪ ಹೇಳ್ತಾನೆ."

ಗೊಲ್ಲಪ್ಪ ಎದ್ದು ನಿಂತ. "ಎಲ್ಲಾನೂ ಒಂದೇ ಕಾಲು. ಮುಂದಿನ ಎಡಗಾಲು. ಗೊರಸಿನ ತುದಿ ಕೆತ್ತೈತೆ. ಹೋದ ತಿಂಗಳು ಕೊಳೆತಿತ್ತು, ನಾನೇ ಚಾಕುವಿನಾಗೆ ಕೆತ್ತಿ ಮದ್ದು ಹಾಕಿದ್ದೆ. ಭಾನುವಾರ ಕಡಿದ ಟಗರಿನ ಕಾಲು ಅದು. ನಾನು ಕಡಿದಿದ್ದಲ್ವಾ, ನನ್ ಮ್ಯಾಲೇ ಬರ್ತೈತೆ ಅಂತ ಬಾಯಿ ಬಿಡಲಿಲ್ಲ."

"ಸತ್ತ ಟಗರು ಮಂಗಳವಾರ ಕೋರ್ಟಿಗೆ ಬರಲ್ಲ," ಎಂದರು ಡಾಕ್ಟ್ರಮ್ಮ. "ಗೊಲ್ಲಪ್ಪ ಮನೆಗೆ ಹೋದ ಮೇಲೆ, ಮಣ್ಣು ಇನ್ನೂ ಹಸಿ ಇರೋವಾಗ ಒಬ್ಬರು ಆ ಕಾಲು ಹಿಡ್ಕಂಡು ಬಂದ್ರು. ಉತ್ತರದ ಬೇಲಿಯಿಂದ ಹಿಂದ್ ಹಿಂದಕ್ಕೆ ನಡೀತಾ, ತಮ್ಮ ಹೆಜ್ಜೆ ಒರೆಸ್ತಾ, ಎದುರಿಗೆ ಗೊರಸು ಒತ್ತುತಾ ಗೇಟಿನವರೆಗೂ ಬಂದ್ರು. ಅದಕ್ಕೇ ಎಲ್ಲ ಗೊರಸೂ ಒಂದೇ ದಿಕ್ಕು. ಆದರೆ ಅವರಿಗೇ ಗೊತ್ತಿಲ್ಲದ ಹಾಗೆ ಒಂದು ತಪ್ಪು ಮಾಡಿದ್ರು. ಸಾವಿರ ಗೊರಸಿನಲ್ಲಿ ಒಂದೂ ಬಿಳಿ ಗೆರೆ ಮೇಲೆ ಬಿದ್ದಿಲ್ಲ. ಕುರಿಗೆ ಗೆರೆ ಯಾಕೆ ಬೇಕು? ಈಗ ಗೇಟಿಂದ ಇಲ್ಲೀವರೆಗೂ ಹಿಂದೆ ತಿರುಗಿ ನೋಡ್ರಿ. ಯೋಗೇಶ್ ಗೆರೆ ಮೇಲೇ ಚಪ್ಪಲಿ ಊರ‍್ಯಾರೆ. ಗೊಲ್ಲಪ್ಪನೂ ತುಳಿದಾನೆ, ವೀಕ್ಷಕರೂ ತುಳಿದಾರೆ. ಒಬ್ಬರು ಮಾತ್ರ ಪ್ರತಿ ಗೆರೇನೂ ದಾಟಿ ಬಂದಾರೆ."

ನಾನು ಹಿಂದಿರುಗಿ ನೋಡಲಿಲ್ಲ. ಈ ಕ್ಲಬ್ಬಿನಲ್ಲಿ ಹನ್ನೊಂದು ವರ್ಷದಿಂದ ಅದನ್ನು ನೋಡುತ್ತ ಬಂದಿದ್ದೆ. ಆಟಗಾರನಾಗಿದ್ದ ದಿನಗಳಲ್ಲಿ ಹತ್ತಿದ ಅಭ್ಯಾಸ ಅದು. ಗೆರೆ ತುಳಿದರೆ ಪಂದ್ಯ ಸೋಲುತ್ತೇನೆಂಬ ಮೋಹನನ ನಂಬಿಕೆಯನ್ನು ನಾನೇ ಎಷ್ಟೋ ಸಲ ಗೇಲಿ ಮಾಡಿದ್ದೆ.

ಡಾಕ್ಟ್ರಮ್ಮ ಮೋಹನನತ್ತ ತಿರುಗಿದರು. "ಸೂಪಿಗೆ ಅಂತ ಕಾಲು ಇಸ್ಕಂಡ್ರಿ. ಕೂದಲು ಸುಟ್ಟು ಗೊರಸು ತೆಗೆದು ಕೊಡ್ತೀನಿ ಅಂತ ಗೊಲ್ಲಪ್ಪ ಅಂದ್ರೆ, ಬ್ಯಾಡ ಹಂಗೇ ಕೊಡು ಅಂದ್ರಂತೆ. ಬೆಳಿಗ್ಗೆ ನಿಮ್ಮ ತಾಯಿ ಬೋರಕ್ಕಂಗೆ ಫೋನ್ ಮಾಡಿ ಮಂಡಿನೋವು ಹೆಂಗೈತೆ ಅಂದೆ. 'ನನ್ ಮಂಡಿಗೆ ಏನಾಗೈತವ್ವ, ದಿನಾ ಬೆಟ್ಟ ಹತ್ತಿ ಬರ್ತೀನಿ' ಅಂದ್ರು."

ಚೇತನ್‌ಕುಮಾರ್ ಗಂಟಲು ಸರಿಮಾಡಿಕೊಂಡರು. "ಮೊನ್ನೆ ನಮ್ಮ ಆಫೀಸಿಗೊಂದು ಮೇಲ್ ಬಂದಿತ್ತು. ದುರ್ಗದ ಕೋರ್ಟ್ ಅನರ್ಹ ಆದ್ರೆ ಟೂರ್ನಿಯನ್ನ ಬೇರೆ ಊರಿನ ದೊಡ್ಡ ಕ್ಲಬ್ಬಿಗೆ ಕೊಡಬಹುದಾ ಅಂತ. ಅಲ್ಲಿ ನಿರ್ದೇಶಕರಾಗೋರ ಹೆಸರು ಮೋಹನ್‌ಕುಮಾರ್ ಅಂತಲೇ ಇತ್ತು."

ಮೋಹನ್ ಯಾರನ್ನೂ ನೋಡದೆ ನನ್ನ ಕಡೆಗೇ ಮಾತಾಡಿದ. "ಇಲ್ಲೇನೈತೆ ಶೋಭಾ? ಫೈನಲ್ ನೋಡಾಕೂ ನೂರು ಜನ ಬರಲ್ಲ. ಪ್ರತಿ ವರ್ಷ ಇರ್ತದೋ ಹೋಗ್ತದೋ ಅಂತ ಎದೆ ಹಿಡ್ಕಂಡು ಕಾಯಬೇಕು. ಅಲ್ಲಾದ್ರೂ ಬದುಕ್ತಿತ್ತು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಬಿಡ್ತಿದ್ರಾ?"

"ಇಲ್ಲ," ಎಂದೆ. "ಜಗಳ ಆಡ್ತಿದ್ದೆ. ಎದುರಿಗೆ."

"ನನ್ ಮಗಳಿಗೆ ಸರ್ವ್ ಕಲಿಸಿದೋರು ನೀವು ಸಾರ್," ಎಂದ ಗೊಲ್ಲಪ್ಪ. ಮೋಹನ್ ಎದ್ದು ಗೇಟಿನತ್ತ ನಡೆದ. ಆಗಲೂ ಗೆರೆ ಬಂದಾಗ ಅವನ ಕಾಲು ಒಂದಿಷ್ಟು ಎತ್ತರಕ್ಕೆ ಎದ್ದಿತು.

ಚೇತನ್‌ಕುಮಾರ್ ಗಡಿಯಾರ ನೋಡಿಕೊಂಡರು. "ನಾನು ನಾಳೆ ಮಧ್ಯಾಹ್ನ ಕೋರ್ಟ್ ನೋಡಿದೆ ಅಂತ ಬರೀತೀನಿ. ನಾಳೆ ಇದು ಹೇಗಿರುತ್ತೋ ಅದೇ ಲೆಕ್ಕ."

ಮಣ್ಣು ಕೆರೆದು, ಜರಡಿ ಹಿಡಿದು, ನೀರು ಹಾಕಿ ಮತ್ತೆ ಮತ್ತೆ ರೋಲರ್ ಎಳೆದೆವು. ಎಳೆಯಲು ಯೋಗೇಶನೂ ಬಂದ, ಮದುವೆ ಹಾಲಿನ ಮಾತು ಎತ್ತದೆ. ಮರುದಿನ ಚೇತನ್‌ಕುಮಾರ್ ಮೂರು ಕಡೆ ಚೆಂಡು ಪುಟಿಸಿ ನೋಡಿ ಸಹಿ ಹಾಕಿದರು. "ಒಂದು ವರ್ಷಕ್ಕೆ ಮಾತ್ರ. ಹೊಸ ನಿರ್ದೇಶಕರ ಹೆಸರು ತಿಂಗಳೊಳಗೆ ಬೇಕು. ಆಮೇಲಿನದು ನನಗೂ ಗೊತ್ತಿಲ್ಲ."

ಅವರು ಹೋದ ಮೇಲೆ ಡಾಕ್ಟ್ರಮ್ಮ ನನ್ನ ಪಕ್ಕ ನಿಂತರು. "ನಿನ್ನೆ ಬೆಳಿಗ್ಗೆ ಗೆರೆ ನೋಡಿದಾಗಲೇ ನಿನಗೆ ಗೊತ್ತಾಗಿತ್ತು."

"ಹೂಂ. ನಾನು ನೋಡಿದ್ದು ತಪ್ಪಾಗಿರಲಿ ಅಂದುಕೊಂಡೆ."

ಕಾವ್ಯಶ್ರೀ ರ‍್ಯಾಕೆಟ್ ಹಿಡಿದು ಕಾಯುತ್ತಿದ್ದಳು. ನೆಟ್ಟಿನ ಎತ್ತರ ಅಳೆಯಲು ನಾನು ಕೋರ್ಟಿನೊಳಗೆ ನಡೆದೆ. ಬೇಸ್‌ಲೈನಿನ ಬಿಳಿ ಗೆರೆ ಬಂತು. ನನ್ನ ಕಾಲು ತಾನಾಗಿಯೇ ಮೇಲೆದ್ದು ಅದನ್ನು ದಾಟಿತು. ಹನ್ನೊಂದು ವರ್ಷದಲ್ಲಿ ಆ ಅಭ್ಯಾಸ ನನಗೂ ಯಾವಾಗಲೋ ಹತ್ತಿತ್ತು. ನಾನು ಹಿಂದಕ್ಕೆ ಬಂದು, ಗೆರೆಯ ಮೇಲೆ ಎರಡೂ ಪಾದ ಊರಿ ನಿಂತು, "ಶುರು ಮಾಡಮ್ಮ," ಎಂದೆ.