ಆ ತುದಿ ಹಿಡಿದದ್ದು ಯಾರು?

"ಈ ಗಾಡಿನ ನಾನು ಮುಟ್ಟಲ್ಲ!"

ಸ್ಟಿಕರ್ ಅಂಗಡಿಯವನು ಹಾಗೆಂದು ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣು ಗಾಡಿ ತಂದವಳ ಮೇಲಿರಲಿಲ್ಲ. ಅಂಗಡಿ ಮುಂದೆ ನಿಂತಿದ್ದ ಬೂದು ಬಣ್ಣದ ಹಳೆಯ ಕಾರಿನ ಮೇಲಿತ್ತು. ಮುಖದಲ್ಲಿ ಒಂದು ಹನಿ ರಕ್ತವಿಲ್ಲ!

ಅವಳಿಗೋ ಮೂಗಿನ ತುದಿಯಲ್ಲೇ ಕೋಪ. ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಪುಟ್ಟ ಶಾಲೆಯನ್ನು ಸೋಮವಾರ ಶುರು ಮಾಡುವವಳಿದ್ದಳು. ಅದಕ್ಕೆಂದೇ ಈ ಕಾರನ್ನು ದಲ್ಲಾಳಿಯೊಬ್ಬನಿಂದ ಕೊಂಡಿದ್ದಳು. ಇದು ಕಲಿಯುವವರ ಗಾಡಿ ಎಂದು ದೂರದಿಂದಲೇ ಗೊತ್ತಾಗಲು ಬಾನೆಟ್ಟಿನ ಮೇಲೆ ಎರಡು ಹಳದಿ ಪಟ್ಟೆ ಬೇಕಿತ್ತು. ಅಷ್ಟೇ!

"ಯಾಕೆ? ಹೆಂಗಸಿನ ಗಾಡಿ ಅಂತಾನಾ?"

"ಅಯ್ಯೋ, ಹಾಗಲ್ಲ ಮೇಡಂ..."

"ಮತ್ತೆ ಹೇಗೆ?"

ಅವನು ತಲೆ ತಗ್ಗಿಸಿ ಮೇಜಿನ ಮೇಲಿನ ಸ್ಟಿಕರ್ ಸುರುಳಿಗಳನ್ನು ಜೋಡಿಸತೊಡಗಿದ.

"ಸರಿ, ಪಟ್ಟೆ ಕತ್ತರಿಸಿ ಕೊಡಿ. ನಾನೇ ಅಂಟಿಸ್ಕೋತೀನಿ."

ಆಗ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಸೊಕ್ಕಿರಲಿಲ್ಲ, ತಾತ್ಸಾರವಿರಲಿಲ್ಲ. ಭಯವಿತ್ತು! ಅವಳ ಕೋಪ ಅರ್ಧ ಅಲ್ಲೇ ಇಳಿದುಹೋಯಿತು.

ಗಾಡಿ ಮುಟ್ಟಲ್ಲ ಎಂದವನು ಕಲಿಸಲ್ಲ ಎನ್ನಲಿಲ್ಲ. ನಾಲ್ಕು ಸಂಜೆ, ಗುಜರಿಯಿಂದ ತಂದ ಕಾರಿನ ಬಾಗಿಲೊಂದರ ಮೇಲೆ ಚೂರುಪಾರು ಸ್ಟಿಕರ್ ಅಂಟಿಸಿ ತೋರಿಸಿದ.

"ಸೋಪಿನ ನೀರು ಚೆನ್ನಾಗಿ ಸಿಂಪಡಿಸಿ. ಅಂಟಿನ ಮೇಲೆ ಬೆರಳು ತಾಗಿಸಬೇಡಿ, ಗುರುತು ಉಳಿಯುತ್ತೆ. ಗುಳ್ಳೆ ಎದ್ರೆ ಈ ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿಗೆ ತಳ್ಳಿ. ಮತ್ತೆ... ಒಬ್ರೇ ಮಾತ್ರ ಮಾಡಬೇಡಿ. ಮುಂದಿನ ತುದಿ ಎತ್ತಿ ಹಿಡಿಯೋಕೆ ಇನ್ನೊಬ್ಬರು ಬೇಕೇ ಬೇಕು."

"ನೀವೇ ಬಂದುಬಿಡಿ."

ಅವನ ಕೈಯಲ್ಲಿದ್ದ ಪಟ್ಟಿ ಜಾರಿ ಬಿತ್ತು.

"ಅದೊಂದು ಕೇಳಬೇಡಿ ಮೇಡಂ..."

'ಇವನ ಕೈ ಎಷ್ಟು ಮೆತ್ತಗೆ ಕೆಲಸ ಮಾಡುತ್ತೆ! ಮನಸ್ಸೂ ಹಾಗೇ ಇರಬಹುದಾ? ಹಾಗಿದ್ರೆ ನಾನೆಂದರೆ ಯಾಕೆ ಹೀಗೆ ದೂರ ಸರೀತಾನೆ?' ಮನೆಗೆ ಹೋಗುವಾಗೆಲ್ಲ ಅವಳಿಗೆ ಇದೇ ಯೋಚನೆ. ನಾಲ್ಕೇ ಸಂಜೆಗೆ ಪ್ರೀತಿಯೇ ಎಂದು ನೀವು ನಗಬಹುದು. ಕ್ಲಚ್ಚು ಬಿಡುವುದೂ ಕ್ಷಣದ ಕೆಲಸವೇ. ಗಾಡಿ ಹೊರಟ ಮೇಲೆ ತಾನೇ ಗೊತ್ತಾಗುವುದು!

ಭಾನುವಾರ ಮಧ್ಯಾಹ್ನ ಅವಳು ಮನೆಯ ಪಕ್ಕದ ಶೆಡ್ಡಿನಲ್ಲಿ ಒಬ್ಬಳೇ ಕೆಲಸಕ್ಕಿಳಿದಳು. ಮನೆಯಲ್ಲಿದ್ದವರು ಚಿಕ್ಕಮ್ಮ ಒಬ್ಬರೇ, ಅವರಿಗೆ ಸೊಂಟ ನೋವು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಹಳೇ ಗಾಡಿಗೆ ಪಟ್ಟೆ ಬೇರೆ ಕೇಡು," ಎಂದು ಗೊಣಗಿ ಚಿಕ್ಕಮ್ಮ ಮಲಗಲು ಹೋದರು.

ಅವಳು ಬಾನೆಟ್ಟಿನ ಮೇಲೆ ಸೋಪಿನ ನೀರು ಸಿಂಪಡಿಸಿದಳು.

ಏನದು...?

ನೀರಿನ ಕೆಳಗೆ ಎರಡು ಮಸುಕು ಪಟ್ಟೆಗಳು ಮೂಡಿದವು! ಬಟ್ಟೆಯಿಂದ ಒರೆಸಿದಳು, ಮಾಯವಾದವು. ನೀರು ಹಾಕಿದಳು, ಮತ್ತೆ ಬಂದವು. ಹಿಂದೆ ಯಾರೋ ಪಟ್ಟೆ ಹಾಕಿಸಿ ಕಿತ್ತಿದ್ದಾರೆ, ಬಣ್ಣದಲ್ಲಿ ಗುರುತು ಉಳಿದಿದೆ, ಅಷ್ಟೇ ಎಂದುಕೊಂಡಳು. ಆದರೂ ಮೈ ಜುಮ್ಮೆಂದಿತು.

ಮೊದಲ ಪಟ್ಟೆಯ ಮುಂದಿನ ತುದಿಯನ್ನು ಕಾಗದದ ಟೇಪಿನಿಂದ ಒಂದು ಕೋಲಿಗೆ ಸಿಕ್ಕಿಸಿ, ಹಿಂಬದಿಯ ಹಾಳೆ ಸುಲಿದು, ಗಾಜಿನ ಕಡೆಯಿಂದ ಅಂಟಿಸುತ್ತಾ ಬಂದಳು. ಅರ್ಧಕ್ಕೆ ಬಂದಾಗ ಕೋಲು ದಡಾರನೆ ಬಿತ್ತು. ಟೇಪೂ ಅದರ ಜೊತೆ ನೆಲಕ್ಕೆ ಹೋಯಿತು.

ತುದಿ ಬೀಳಲಿಲ್ಲ.

ಗಾಳಿಯಲ್ಲಿ, ಬಿಗಿಯಾಗಿ, ಹಾಗೇ ನಿಂತಿತ್ತು!

'ಗಾಳಿ ಇರಬೇಕು...' ಎಲ್ಲಿಯ ಗಾಳಿ? ಹೊರಗೆ ತಂತಿಯ ಮೇಲೆ ಒಣಹಾಕಿದ ಬಟ್ಟೆ ಅಲುಗುತ್ತಿರಲಿಲ್ಲ. ಪಟ್ಟೆಯನ್ನು ಸ್ವಲ್ಪ ಎಳೆದು ನೋಡಿದಳು. ಆ ಕಡೆಯಿಂದ ಅಷ್ಟೇ ಹದವಾಗಿ ಎಳೆದರು... ಕೆಲಸ ಬಲ್ಲವರ ಹಾಗೆ.

ಕೂಗುವುದಕ್ಕೂ ಭಯ. ನಿಲ್ಲಿಸುವುದಕ್ಕೂ ಭಯ! ಕೈ ತಾನಾಗಿ ಮುಂದುವರಿಯಿತು. ಒಂದು ಗುಳ್ಳೆ ಎದ್ದಿತು. ಎದುರಿನಿಂದ "ಉಫ್..." ಎಂದು ಯಾರೋ ಊದಿದ ಸದ್ದು. ಗುಳ್ಳೆ ಇಲ್ಲ! ಕೊನೆಯ ಗೇಣು ಅಂಟಿದ ಮೇಲೆ, ಉಳಿದ ತುದಿ ಮೆಲ್ಲಗೆ ಬಂಪರಿನ ಮೇಲೆ ಇಳಿಯಿತು.

ಅವಳು ಒಳಗೆ ಓಡಿದಳು.

"ಏನೇ ಇದು, ದೆವ್ವ ಕಂಡವಳ ಹಾಗೆ?" ಚಿಕ್ಕಮ್ಮ ನಿದ್ದೆಗಣ್ಣಲ್ಲೇ ಕೇಳಿದರು.

"ಏನಿಲ್ಲ ಚಿಕ್ಕಮ್ಮ..."

ಒಂದು ಗಂಟೆಯ ನಂತರ ಧೈರ್ಯ ಮಾಡಿ ಬಂದು ನೋಡಿದಳು. ಕತ್ತರಿಸಲೆಂದು ಬಿಟ್ಟಿದ್ದ ತುದಿ ಎರಡು ಬೆರಳಷ್ಟು ಜೋತಾಡುತ್ತಿತ್ತು. ಅದರ ಅಂಟಿನ ಮೇಲೆ ದೊಡ್ಡದೊಂದು ಹೆಬ್ಬೆರಳಿನ ಗುರುತು. ನಡುವೆ ಅಡ್ಡಕ್ಕೆ ಒಂದು ಗೆರೆ, ಹಳೆಯ ಗಾಯದ್ದು.

ಅವಳದ್ದಲ್ಲ. ಹಾಗಾದರೆ... ಅವನೇ! ಗಾಡಿಯ ಮರೆಯಲ್ಲಿ ಕೂತು ಆಟ ಆಡಿದ್ದಾನೆ! ಭಯವೆಲ್ಲ ಸಿಟ್ಟಾಗಿ, ನೇರ ಅಂಗಡಿಗೆ ನುಗ್ಗಿದಳು.

"ಕದ್ದು ಬಂದು ಹೆದರಿಸೋಕೆ ನಾಚಿಕೆ ಆಗಲ್ವಾ? ನಿಮ್ಮನ್ನ ಏನೋ ಅಂದ್ಕೊಂಡಿದ್ದೆ ನಾನು!"

"ನಾನು ಬೆಳಿಗ್ಗೆಯಿಂದ ಇಲ್ಲೇ ಇದ್ದೀನಲ್ಲ ಮೇಡಂ..."

"ಸುಳ್ಳು! ಹೆಬ್ಬೆರಳು ತೋರಿಸಿ!"

ಅವನು ಗಾಬರಿಯಿಂದ ಎರಡೂ ಕೈ ಚಾಚಿದ. ಯಾವ ಗಾಯವೂ ಇರಲಿಲ್ಲ.

"ಹಾಗಾದ್ರೆ... ಅಡ್ಡ ಗಾಯ ಇರೋ ಹೆಬ್ಬೆರಳು ಯಾರದ್ದು?"

ಅವನು ಮೇಜು ಹಿಡಿದುಕೊಂಡ.

"ನಮ್ಮಣ್ಣಂದು."

ಅವಳ ಹಿಂದೆಯೇ ಶೆಡ್ಡಿಗೆ ಬಂದವನು ಬಂಪರಿನ ಮುಂದೆ ಕುಸಿದು ಕೂತ. ಆ ಗುರುತನ್ನು ನೋಡುತ್ತಲೇ ಹೇಳಿದ.

"ಇದು ಅವನ ಗಾಡಿ. ಹೋದ ವರ್ಷ ಹೊಸ ಪಟ್ಟೆ ಹಾಕೋಣ, ಬಂದು ತುದಿ ಹಿಡಿಯೋ ಅಂದ. ಸಣ್ಣ ಮಾತಿಗೆ ಮುನಿಸಿಕೊಂಡಿದ್ದೆ. ನೀನೇ ಅಂಟಿಸ್ಕೋ ಹೋಗು ಅಂದುಬಿಟ್ಟೆ. ಒಬ್ಬನೇ ಶುರು ಮಾಡಿದ್ದಾನೆ... ಎದೆ ನೋವು ಬಂದಿದೆ. ನಾನು ಹೋದಾಗ ಈ ಬಂಪರಿಗೇ ಒರಗಿ ಕೂತಿದ್ದ. ಪಟ್ಟೆಯ ತುದಿ ಕೈಯಲ್ಲೇ ಇತ್ತು, ಉಸಿರಿರಲಿಲ್ಲ."

ಅವಳ ಕಣ್ಣು ತುಂಬಿ ಬಂತು.

"ಪಟ್ಟೆ ಕಿತ್ತು ಗಾಡಿ ಮಾರಿಬಿಟ್ಟೆ. ಆಮೇಲೆ ಯಾರನ್ನೂ ಹತ್ತಿರ ಬಿಟ್ಕೊಂಡಿಲ್ಲ. ನನ್ನನ್ನ ನಂಬಿದವರು ಒಂಟಿಯಾಗ್ತಾರೆ ಮೇಡಂ."

"ಹಾಗಾದ್ರೆ ನೀವು ಬೇಡ ಅಂದಿದ್ದು ಗಾಡಿನಾ... ನನ್ನನ್ನಾ?"

"ನಿಮ್ಮನ್ನ ಬೇಡ ಅನ್ನೋಕೆ ನಾಲ್ಕು ದಿನದಿಂದ ಒದ್ದಾಡ್ತಿದ್ದೀನಿ. ಆಗ್ತಿಲ್ಲ!"

ಈಗ ಕೈಬಿಟ್ಟರೆ ಇವನು ಮತ್ತೆಂದೂ ಯಾರ ಬಳಿಯೂ ಬರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿತ್ತು. ಎರಡನೆಯ ಪಟ್ಟೆ ಎತ್ತಿಕೊಂಡಳು.

"ಇದನ್ನ ನಾನೊಬ್ಬಳೇ ಹಾಕಲ್ಲ. ನೀವು ಹಿಡಿದ್ರೆ ಹಾಕ್ತೀನಿ. ಇಲ್ಲಾಂದ್ರೆ ಗಾಡಿ ಹೀಗೇ ಇರ್ಲಿ."

ಅವನು ಅಣ್ಣನ ಬೆರಳಿನ ಗುರುತನ್ನು ಒಮ್ಮೆ ಸವರಿದ. ಕೊನೆಗೆ ಎದ್ದು, ಕೈ ಒರೆಸಿಕೊಂಡು ತುದಿ ಹಿಡಿದ. ಅವನ ಕೈ ನಡುಗುವುದು ಪಟ್ಟೆಯ ಉದ್ದಕ್ಕೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಮಧ್ಯದಲ್ಲೊಂದು ಗುಳ್ಳೆ ಎದ್ದಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು.

"ಅಣ್ಣಾ..." ಅವನ ಧ್ವನಿ ಒಡೆಯಿತು. "ನಾನು ಬರಬೇಕಿತ್ತು ಕಣೋ. ತಪ್ಪಾಯ್ತು!"

"ಉಫ್..."

ಬೆಚ್ಚನೆಯ ಉಸಿರೊಂದು ಇಬ್ಬರ ಮುಖಕ್ಕೂ ತಾಗಿ, ಬಾಗಿಲಿನತ್ತ ಸಾಗಿ, ತಂತಿಯ ಮೇಲಿನ ಬಟ್ಟೆಗಳನ್ನು ಒಮ್ಮೆ ಅಲುಗಿಸಿತು. ಆಮೇಲೆ ಏನೂ ಇಲ್ಲ. ಶೆಡ್ಡು ಬರೀ ಶೆಡ್ಡಾಗಿತ್ತು.

ಅವನು ಮಗುವಿನ ಹಾಗೆ ಅತ್ತ. ಅವಳು ಗಾಡಿಯನ್ನು ಬಳಸಿ ಬಂದು ಅವನ ತೋಳು ಹಿಡಿದು ನಿಂತಳು. ಕಣ್ಣೊರೆಸಿಕೊಂಡು ನೋಡಿದಾಗ ಹೊಸ ಪಟ್ಟೆಯ ಕೊನೆ ಒಂದು ಬೆರಳು ಓರೆಯಾಗಿತ್ತು.

"ಸೊಟ್ಟ ಆಯ್ತು ಮೇಡಂ. ಕಿತ್ತು ಸರಿಯಾಗಿ ಹಾಕ್ತೀನಿ."

"ಬೇಡ. ಇದು ನಾವಿಬ್ಬರೇ ಹಾಕಿದ್ದು."

"ನೋಡಿದವರು ನಗ್ತಾರೆ!"

"ನಗ್ಲಿ ಬಿಡಿ. ಕಲಿಯೋರ ಗಾಡಿ ತಾನೇ?"

ಅಳುವಿನ ನಡುವೆಯೇ ಅವನು ನಕ್ಕುಬಿಟ್ಟ. ಶೆಡ್ಡಿನೊಳಗೆ ಕತ್ತಲು ಕವಿಯುತ್ತಿತ್ತು.

"ಇನ್ನೂ ಭಯ ಆಗ್ತಿದೆಯಾ?" ಅವನು ಕೇಳಿದ.

"ಹ್ಞೂಂ... ನಿನಗೆ?"

'ನಿನಗೆ' ಎಂದದ್ದು ಅವಳಿಗೆ ಆಮೇಲೆ ಹೊಳೆದು, ನಾಚಿ ತಲೆ ತಗ್ಗಿಸಿದಳು.

"ನನಗೂ ಕಣೇ."

"ಹಾಗಾದ್ರೆ ಹೋಗಬೇಡ."

"ಹೋಗಲ್ಲ... ಎಷ್ಟು ಮುನಿಸಿಕೊಂಡ್ರೂ ಹೋಗಲ್ಲ."