ಮುಂಗೈಯ ಮೇಲಿನ ಅಂಗಾಲು

ಬಾಳವ್ವನ ಎಡ ಮುಂಗೈಯ ಮೇಲೆ ಅವಳ ಗಂಡ ನಿಂತಿದ್ದ.

ಅವಳು ಹುಬ್ಬಳ್ಳಿಯ ಒಂದು ಮೂಲೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ಊರಿನ ಇನ್ನೊಂದು ಮೂಲೆಯ ಚಿನ್ನದಂಗಡಿಯ ಬಾಗಿಲಲ್ಲಿದ್ದ. ಆದರೂ ಅವನ ಹಿಮ್ಮಡಿ ಅವಳ ಮೊಣಕೈಯ ಬಳಿ ಒತ್ತುತ್ತಿತ್ತು, ಅವನ ಕಾಲ್ಬೆರಳುಗಳು ಅವಳ ಮಣಿಕಟ್ಟಿನ ಬಳಿ ಕೂತಿದ್ದವು. ಅವನು ಹೆಜ್ಜೆ ಹಾಕಿದರೆ ಆ ಒತ್ತಡ ಮೊಣಕೈಯಿಂದ ಮಣಿಕಟ್ಟಿಗೆ ಉರುಳಿಕೊಂಡು ಬರಬೇಕು. ಬರುತ್ತಿರಲಿಲ್ಲ. ಕಲ್ಲು ಹೇರಿದ ಹಾಗೆ ಇದ್ದಲ್ಲೇ ಇತ್ತು.

ಈ ಸಲಕರಣೆಗೆ ಸ್ಪರ್ಶವಾಹಿ ಎಂದು ಹೆಸರು. ಅದರಲ್ಲಿ ಎರಡು ಭಾಗ. ಒಂದು, ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಿನ ತಳಪೊರೆ. ಅದನ್ನು ಅಂಗಾಲಿಗೆ ಅಂಟಿಸುತ್ತಾರೆ. ಇನ್ನೊಂದು ಗ್ರಾಹಕಪಟ್ಟಿ, ಅದನ್ನು ಮುಂಗೈಗೆ ಸುತ್ತುತ್ತಾರೆ. ನೆಲದ ಬಿಸಿ, ತಂಪು, ಉಬ್ಬು, ತಗ್ಗುಗಳನ್ನು ಪೊರೆಯು ರೇಡಿಯೋ ಅಲೆಯಾಗಿ ಕಳಿಸುತ್ತದೆ, ಪಟ್ಟಿ ಅದನ್ನು ಚರ್ಮಕ್ಕೆ ಮುಟ್ಟಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರು ತಮ್ಮ ಕಾಲಿನ ಕಷ್ಟವನ್ನು ಕೈಯಿಂದಾದರೂ ತಿಳಿಯಲಿ ಎಂದು ಡಾಕ್ಟರ್ ವಾರಿಜಾ ಇದನ್ನು ಕಂಡುಹಿಡಿದಿದ್ದರು. ಅದೇ ಕಾಯಿಲೆಯಿದ್ದ ಬಾಳವ್ವನ ಗಂಡ ದುಂಡಪ್ಪನ ಕೈಗಳೂ ಅಷ್ಟರಲ್ಲಿ ಜಡವಾಗಿದ್ದರಿಂದ ಪಟ್ಟಿ ಹೆಂಡತಿಯ ಪಾಲಿಗೆ ಬಂತು. ಒಂದು ಪೊರೆಗೆ ಒಂದೇ ಪಟ್ಟಿ. ಅದು ಯಾರ ಕೈಯಲ್ಲಿದೆಯೋ ಅವರಿಗೇ ಆ ಕಾಲು.

ಮದುವೆಯಾದ ಹೊಸದರಲ್ಲಿ ದುಂಡಪ್ಪ ಜಾಲಿಮುಳ್ಳು ತಾಗಿದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅಂಥ ಮನುಷ್ಯ ಹೋದ ಶ್ರಾವಣದಲ್ಲಿ ಕಾಲಿಗೆ ಮೊಳೆ ನೆಟ್ಟುಕೊಂಡೇ ಮನೆಗೆ ಬಂದು, ಊಟ ಮಾಡಿ ಮಲಗಿದ್ದ. ಹೊಸ್ತಿಲ ಮೇಲಿನ ರಕ್ತ ನೋಡಿ ಯಾರದೆಂದು ಹೆಂಡತಿ ಕೇಳಿದಾಗ, "ಬೆಕ್ಕಿಂದಿರಬೇಕು" ಎಂದಿದ್ದ. ಆ ಮೊಳೆಯ ಗಾಯ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಬಾಯಿ ತೆರೆದುಕೊಂಡೇ ಉಳಿದಿತ್ತು. ಈ ಮಳೆಗಾಲ ಮುಗಿಯುವುದರೊಳಗೆ ಅದು ಮಾಯದಿದ್ದರೆ ಮೊದಲು ಬೆರಳು, ಆಮೇಲೆ ಅರ್ಧ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಬಾಳವ್ವ ಪಟ್ಟಿಯನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದಳು.

"ಬಾಯಾರ, ಇದು ಕೆಟ್ಟೈತಿ ನೋಡ್ರಿ. ನಮ್ಮನಿಯವ್ರು ಅಂಗಡಿಯಾಗ ಕುರ್ಚಿ ಮ್ಯಾಲ ಕುಂತಿರತಾರ. ಇದು ನಿಂತಾರ, ನಿಂತಾರ ಅಂತ ಒಂದ ಸವನ ಒತ್ತತೈತಿ. ಸಂಜಿಗೆ ತಂಬಿಗಿ ಎತ್ತಾಕ ಈ ಕೈ ಬರೂದಿಲ್ಲ."

ಡಾಕ್ಟರು ಪಟ್ಟಿಯನ್ನು ಯಂತ್ರಕ್ಕೆ ಜೋಡಿಸಿ ಪರದೆಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಇದು ಕೆಟ್ಟಿಲ್ಲ ಬಾಳವ್ವ. ಅವ್ರು ನಿಂತ ಇದ್ದಾರ."

ಡಾಕ್ಟರು ಅಂಗಾಲಿನ ಮಾದರಿಯೊಂದನ್ನು ತಂದು ಅವಳ ಮುಂದೆ ಪದರ ಪದರವಾಗಿ ಬಿಚ್ಚಿಟ್ಟರು. ದೇಹದಲ್ಲಿ ಎಲ್ಲಕ್ಕಿಂತ ದಪ್ಪ ಚರ್ಮ ಅಂಗಾಲಿನದು. ಹಿಮ್ಮಡಿಯ ಚರ್ಮದ ಕೆಳಗೆ ಜೇನುಹುಟ್ಟಿನಂಥ ಸಣ್ಣ ಸಣ್ಣ ಕೋಣೆಗಳು, ಅವುಗಳ ತುಂಬ ಕೊಬ್ಬು. ಮೈಭಾರಕ್ಕೆ ಅದೇ ಹಾಸಿಗೆ. ಅದರ ಮೇಲೆ ಹಿಮ್ಮಡಿಯಿಂದ ಬೆರಳುಗಳವರೆಗೆ ಬಿಲ್ಲಿನ ಹೆದೆಯಂತೆ ಬಿಗಿದ ಒಂದು ಪಟ್ಟೆ. ಹೆದೆ ಬಿಗಿಯಾಗಿದ್ದರೆ ಮಾತ್ರ ಪಾದದ ಕಮಾನು ನಿಲ್ಲುತ್ತದೆ. ಅದಕ್ಕೂ ಒಳಗೆ ನಾಲ್ಕು ಅಂತಸ್ತಿನ ಸ್ನಾಯುಗಳು, ಅವುಗಳ ನಡುವೆ ನರ, ರಕ್ತನಾಳ.

"ನಾವು ನಿಂತಾಗ ಅಂಗಾಲಿನ ರಕ್ತ ಹಿಂಡಿ ಹೋಗತೈತಿ" ಎಂದರು ಡಾಕ್ಟರು. "ಚಲೋ ಕಾಲಾದ್ರ ನಮಗ ಗೊತ್ತಾಗೂಕಿಂತ ಮೊದಲ ನೋವು ಹೇಳತೈತಿ, ನಾವು ಭಾರ ಈ ಕಾಲಿಂದ ಆ ಕಾಲಿಗೆ ಹಾಕತೀವಿ, ರಕ್ತ ಮತ್ತ ಬರತೈತಿ. ನಿಮ್ಮನಿಯವ್ರಿಗೆ ಹೇಳವ್ರು ಯಾರೂ ಇಲ್ಲ. ಕಂಬದಂಗ ನಿಲ್ಲತಾರ. ಗಾಯ ಉಪವಾಸ ಬೀಳತೈತಿ. ನಾನು ಮುಳ್ಳು, ಕೆಂಡ, ಗಾಜು ಅಂತ ಲೆಕ್ಕ ಹಾಕಿ ಇದನ್ನ ಮಾಡಿದೆ. ಬರೇ ನಿಲ್ಲೂದೂ ಒಂದು ಅಪಾಯ ಅಂತ ಗಂಟಿ ಬಾರಿಸಾಕ ಇದಕ್ಕ ಕಲಿಸಲಿಲ್ಲ."

"ಗಂಟಿ ಯಾಕ್ರಿ, ನನ್ನ ಕೈ ಐತೆಲ್ಲ" ಎಂದು ಬಾಳವ್ವ ಎದ್ದಳು.

ಆ ಸಂಜೆ ಅವಳು ಗಂಡನನ್ನು ಬಾಗಿಲಲ್ಲೇ ತಡೆದಳು. "ಕುರ್ಚಿ ಕೊಟ್ಟಾರ ಅಂದಿದ್ರಲ್ಲ?"

"ಕುರ್ಚಿ ಅದಾವ" ಎಂದ ದುಂಡಪ್ಪ, ರುಮಾಲು ಬಿಚ್ಚುತ್ತ. "ಗಿರಾಕಿಗೆ."

"ನನ್ನ ಮುಂದ ಸುಳ್ಳು ಯಾಕ ಹೇಳಿದ್ರಿ?"

"ಖರೇ ಹೇಳಿದ್ರ ನೀನು ಬಂದು ಜಗಳಾ ತಗೀತಿದ್ದಿ. ನಿಲ್ಲೂದ ನನ್ನ ನೌಕರಿ. ಕುಂತರ ನಾ ಯಾಕ ಬೇಕು ಅವ್ರಿಗೆ?"

ಅದೂ ಸುಳ್ಳಲ್ಲ. ಅಂಗಡಿ ಕಾಯಲು ಗೋಡೆಗಳಲ್ಲೇ ಕಣ್ಣುಗಳಿದ್ದವು, ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಬುದ್ಧಿಯಿತ್ತು. ರಸ್ತೆಯ ಬಸ್ಸುಗಳಲ್ಲೇ ಚಾಲಕರಿಲ್ಲದ ಕಾಲ ಅದು. ಹೀಗಿರುವಾಗ ಮೀಸೆ, ರುಮಾಲಿನ ನಿಜವಾದ ಮನುಷ್ಯನೊಬ್ಬ ಬಾಗಿಲಲ್ಲಿ ನೆಟ್ಟಗೆ ನಿಂತು ಕೈ ಮುಗಿಯುವುದು ದೊಡ್ಡ ಅಂಗಡಿಗಳ ಮರ್ಯಾದೆಯಾಗಿತ್ತು. ಬೇರೆ ಕೆಲಸ ಹುಡುಕುವ ವಯಸ್ಸು ಅವನಿಗೆ ದಾಟಿತ್ತು.

ಮರುದಿನ ಬಾಳವ್ವ ಅಂಗಡಿಗೆ ಜಗಳಕ್ಕೆ ಹೋಗಲಿಲ್ಲ, ಕೇಳಿಕೊಳ್ಳಲು ಹೋದಳು. ಜಗಳವಾಡುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಸಾವ್ಕಾರ ಎಲ್ಲವನ್ನೂ ಕೇಳಿ ನಕ್ಕ.

"ಕುಂತ ಕಾವಲುಗಾರನ್ನ ನೋಡಿದ್ರ ಗಿರಾಕಿ ಏನಂದಾರು, ಯಕ್ಕಾ? ಅಂಗಡಿಗೆ ಜಡ್ಡು ಬಂದೈತಿ ಅಂದಾರು."

ಬಾಳವ್ವ ಪಟ್ಟಿ ಬಿಚ್ಚಿ ಅವನ ಮುಂದೆ ಚಾಚಿದಳು. "ಒಂದ ತಾಸು ಕಟಗೊಳ್ರಿ ಸಾವ್ಕಾರ. ಒಂದ ತಾಸು. ಆಮ್ಯಾಲ ನೀವು ಹೇಳಿದಂಗ."

ಸಾವ್ಕಾರ ಕೈಯನ್ನು ಹಿಂದಕ್ಕೆಳೆದುಕೊಂಡ. ಆಗ ಒಳಬಾಗಿಲಿನಿಂದ ಮುಪ್ಪಿನ ದನಿಯೊಂದು ಬಂತು. "ನನಗ ಕಟ್ಟು, ತಂಗಿ."

ಗಾಲಿಕುರ್ಚಿಯಲ್ಲಿದ್ದವರು ಸಾವ್ಕಾರನ ತಾಯಿ ಚಂದ್ರಭಾಗಾಬಾಯಿ. ಬೆನ್ನುಹುರಿಯ ಪೆಟ್ಟಿನಿಂದ ಸೊಂಟದ ಕೆಳಗೆ ಜೀವವಿಲ್ಲದೆ ವರ್ಷಗಳೇ ಆಗಿದ್ದವು. ಅಂಗಡಿಗೆ ಬಂದು ಜನರನ್ನು ನೋಡುವುದೊಂದೇ ಅವರಿಗೆ ಉಳಿದ ತಿರುಗಾಟ. ಬಾಳವ್ವ ಮಂಡಿಯೂರಿ ಆ ಸಣಕಲು ಮುಂಗೈಗೆ ಪಟ್ಟಿ ಸುತ್ತಿದಳು. ಮುದುಕಿಯ ಬಾಯಿ ತೆರೆದುಕೊಂಡಿತು. ಕಣ್ಣುಗಳಿಂದ ನೀರು ಇಳಿಯಿತು.

"ನೋವಾತೇನ್ರಿ ಅವ್ವಾರ? ಬಿಚ್ಚಲೇನ್ರಿ?"

"ಮುಟ್ಟಬ್ಯಾಡ!" ಅವರು ಕೈಯನ್ನು ಎದೆಗೆ ಅವಚಿಕೊಂಡರು. "ನೆಲ ಐತಿ... ಏ ತಂಗಿ, ಕಾಲಾಗ ನೆಲ ಐತಿ! ದುಂಡಪ್ಪ, ನಾಕ ಹೆಜ್ಜಿ ನಡಿಯೋ. ಸಾವಕಾಶ ನಡಿ."

ದುಂಡಪ್ಪ ಏನೂ ತಿಳಿಯದೆ ಹೆಂಡತಿಯ ಮುಖ ನೋಡಿ, ಬಾಗಿಲಿಂದ ಕಂಬದವರೆಗೆ ಹೋಗಿ ಬಂದ. ಮುದುಕಿ ಮಗುವಿನಂತೆ ನಕ್ಕರು, ಮತ್ತೆ ನಡೆಸಿದರು. ಆಮೇಲೆ ಅವನು ತನ್ನ ಜಾಗದಲ್ಲಿ ಎಂದಿನಂತೆ ಕಂಬವಾಗಿ ನಿಂತ. ಸ್ವಲ್ಪ ಹೊತ್ತಿಗೆ ಮುದುಕಿ ಮುಲುಕಾಡಿದರು. ಮುಖದ ನಗು ಹೋಯಿತು.

"ಕಾಲು ಸೋತ್ವಪಾ" ಎಂದರು, ಕೈಯನ್ನು ನೀವಿಕೊಳ್ಳುತ್ತ. "ಹಿಮ್ಮಡ ಉರಿಯಾಕ ಹತ್ತೈತಿ. ಅವಗ ಕುರ್ಚಿ ಹಾಕ್ರೋ!"

"ಅವ್ವಾ, ಗಿರಾಕಿ ಏನಂದಾರು..." ಎಂದ ಸಾವ್ಕಾರ.

"ಗಿರಾಕಿ ಸುಡ್ಲಿ. ನನ್ನ ಕಾಲು ನೋಯಾಕ ಹತ್ಯಾವ!"

ಕುರ್ಚಿ ಬಂತು. ದುಂಡಪ್ಪ ಅದರ ತುದಿಯಲ್ಲಿ ಅಂಜುತ್ತ ಕುಳಿತ.

ಪಟ್ಟಿ ತಮ್ಮ ಹತ್ತಿರವೇ ಇರಲಿ ಎಂದು ಚಂದ್ರಭಾಗಾಬಾಯಿ ಕೇಳಿದಾಗ ಬಾಳವ್ವ ಬರಿಗೈಯನ್ನು ತಿಕ್ಕಿಕೊಂಡಳು. ಪಟ್ಟಿ ಮನೆಗೆ ಬಂದರೆ ಕುರ್ಚಿ ಒಳಗೆ ಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು. "ಇಟಗೊಳ್ರಿ ಅವ್ವಾರ" ಎಂದಳು.

ವಿಷಯ ಕೇಳಿ ಡಾಕ್ಟರು ಬೆರಗಾದರು. ಜೋಮು ಹಿಡಿದ ಕಾಲುಗಳಿಗೆ ಮಾಡಿದ ಸಲಕರಣೆಯೊಂದು ಕಾಲೇ ಇಲ್ಲದಂತಾದವರಿಗೆ ನೆಲ ಕೊಡುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಕುಳಿತ ಕಾಲಿಗೆ ರಕ್ತ ಬಂತು. ಗಾಯ ಅಂಚಿನಿಂದ ಒಳಮುಖವಾಗಿ ಕೂಡುತ್ತ ಬಂದು, ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಚರ್ಮ ಬೆಳೆಯಿತು. ಬೆರಳು ಉಳಿಯಿತು. ಡಾಕ್ಟರು ಮುಳ್ಳು ತಡೆಯುವ, ಆದರೆ ತಂಪು ಬಿಡುವ ತೆಳ್ಳನೆಯ ಮೆಟ್ಟು ಮಾಡಿಕೊಟ್ಟರು. ಅದನ್ನು ಮೆಟ್ಟಿಕೊಂಡು ದಿನವೂ ಮುಂಜಾನೆ ಸ್ವಲ್ಪ ಹೊತ್ತು ಮುದುಕಿಗಾಗಿ ನಡೆಯುವುದು, ಅವರು ಸಾಕೆಂದಾಗ ಕೂರುವುದು, ಇದೇ ದುಂಡಪ್ಪನ ಹೊಸ ನೌಕರಿಯಾಯಿತು.

ಎಲ್ಲ ಒಳ್ಳೆಯದೇ ಆಯಿತು ಎಂದು ಓಣಿಯವರು ಅಂದರು. ಬಾಳವ್ವನೂ ಹೂಂ ಅಂದಳು. ಆದರೆ ರೊಟ್ಟಿ ಬಡಿಯುವಾಗ ಎಡಗೈ ಹಗುರಾಗಿ, ಯಾರೂ ಇಲ್ಲದ ಮನೆಯ ಹಾಗೆ ಅನಿಸುತ್ತಿತ್ತು. ಅವನು ಎಲ್ಲಿ ಎಡವಿದ, ಎಲ್ಲಿ ತಡೆದು ನಿಂತ, ಈಗ ಅವಳಿಗೆ ತಿಳಿಯದು. ದಿನವಿಡೀ ಅವನ ಭಾರ ಹೊತ್ತು ಬಿದ್ದುಹೋಗುತ್ತಿದ್ದ ಕೈಗೆ ಈಗ ಬೇರೊಂದು ಸುಸ್ತು ಹಿಡಿದಿತ್ತು.

ಒಂದು ಮುಂಜಾನೆ ಚಂದ್ರಭಾಗಾಬಾಯಿಯ ಫೋನು ಬಂತು. "ತಂಗಿ, ಇವತ್ತ ನಿನ್ನ ಗಂಡ ಉಣಕಲ್ ಕೆರಿ ದಂಡಿಗೆ ಹೋಗಿದ್ದ. ಹುಲ್ಲಿನ ಮ್ಯಾಲ ಇಬ್ಬನಿ ಬಿದ್ದಿತ್ತು ನೋಡು. ಏನ ತಂಪು! ಬೆರಳ ಸಂದ್ಯಾಗೆಲ್ಲ ತಂಪು. ಯಾರಿಗರ ಹೇಳದ ಇರಾಕ ಆಗಲಿಲ್ಲ."

"ಹೌದ್ರಿ ಅವ್ವಾರ" ಎಂದು ಬಾಳವ್ವ ಫೋನಿಟ್ಟಳು.

ಮಧ್ಯಾಹ್ನ ದುಂಡಪ್ಪ ಉಣ್ಣಲು ಬಂದ. ಅವಳು ಅವನ ಎಡಗಾಲನ್ನು ಮಡಿಲಲ್ಲಿಟ್ಟುಕೊಂಡು ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಗಾಯವಿರಲಿಲ್ಲ.

"ಇವತ್ತ ಕೆರಿ ದಂಡ್ಯಾಗ ಹುಲ್ಲು ಭಾಳ ತಣ್ಣಗಿತ್ತಂತ" ಎಂದಳು.

"ಹೌದೇನು?" ಎಂದ ದುಂಡಪ್ಪ.