ಕದ್ದ ಒಂದು ನಿಮಿಷ

ಚಳಿ ಇನ್ನೂ ಪೂರ್ತಿ ಕಾಲು ಕಿತ್ತಿರಲಿಲ್ಲ. ಬುಧವಾರ, ಸಂಜೆ ಐದೂವರೆ. ಪುರಸಭೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು.

ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಟೋಕನ್ ಕೊಡುವುದು ಅವಳ ಕೆಲಸ. ಒಂದು ಟೋಕನ್‌ಗೆ ಮೂರು ನಿಮಿಷ ಮಾತು. ಮುಗಿದ ಕೂಡಲೇ ಅವಳು ಗಂಟೆ ಬಾರಿಸಿದರೆ ಎಂಥವರೂ ಬಾಯಿ ಮುಚ್ಚಿ ಕೂರಬೇಕು. ಅದಕ್ಕೇ ಜನ ಅವಳನ್ನು ಗಂಟೆಯಕ್ಕ ಅನ್ನುತ್ತಿದ್ದರು. ಅಧ್ಯಕ್ಷರ ಮಾತನ್ನೇ ಒಮ್ಮೆ ಅರ್ಧಕ್ಕೆ ನಿಲ್ಲಿಸಿದವಳು. ಹನ್ನೊಂದು ವರ್ಷದಲ್ಲಿ ಅವಳ ಗಂಟೆಯನ್ನು ಅನುಮಾನಿಸಿದವರೇ ಇರಲಿಲ್ಲ.

ಆ ಸಂಜೆ ಅವನು ಬಂದು ಮೇಜಿನ ಮುಂದೆ ನಿಂತ. ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವವನು. ಅವಳ ಮೇಜಿನ ಮೇಲಿದ್ದ ಗಡಿಯಾರಕ್ಕೂ ಜೀವ ಕೊಟ್ಟವನು ಅವನೇ.

"ಒಂದು ಟೋಕನ್ ಕೊಡಿ."

"ನೀವೂ ಮಾತಾಡ್ತೀರಾ?"

"ನೋಡೋಣ."

ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವಳು ಟೋಕನ್ ಬಿಡುವುದನ್ನೇ ಮರೆತಳು.

ವಯಸ್ಸು ಮೂವತ್ತನಾಲ್ಕು ಆಯ್ತು... ಇದೆಂಥ ಹುಡುಗಾಟ ನಿನ್ನದು, ಎಂದು ತನ್ನನ್ನೇ ಗದರಿಕೊಂಡಳು.

ಅಂದು ಚರ್ಚೆಗೆ ಬಂದದ್ದು ದೂರದ ದೇಶದ ಯುದ್ಧ. ಈ ಊರಿನ ಹತ್ತೊಂಬತ್ತು ಮಂದಿ ಕೆಲಸಕ್ಕೆಂದು ಅಲ್ಲಿಗೆ ಹೋಗಿ ಸಿಕ್ಕಿಕೊಂಡಿದ್ದರು. ಯುದ್ಧ ನಿಲ್ಲಲಿ ಎಂದು ಪುರಸಭೆ ಠರಾವು ಮಾಡಬೇಕು ಎಂದು ಅರ್ಧ ಊರು. ನಿಮ್ಮನ್ನು ಆರಿಸಿ ಕಳಿಸಿದ್ದು ಚರಂಡಿ ನೋಡಿಕೊಳ್ಳೋಕೆ ಎಂದು ಇನ್ನರ್ಧ. ನಿವೃತ್ತ ಪೋಸ್ಟ್‌ಮ್ಯಾನ್ ಅಂತೂ, ಮೊದಲು ನಮ್ಮ ಬೀದಿಯ ನಾಯಿಗಳ ಜಗಳ ಬಿಡಿಸಿ, ದೇಶಗಳದ್ದು ಆಮೇಲೆ ನೋಡೋಣ ಎಂದು ಸಭೆಯನ್ನೆಲ್ಲ ನಗಿಸಿಬಿಟ್ಟರು.

ಗಡಿಯಾರದವನು ಮಾತಾಡಲಿಲ್ಲ. ಎದ್ದು ಹೋಗಿ ತನ್ನ ಟೋಕನ್ ಅನ್ನು ಮುಂದಿನ ಸಾಲಿನ ಹೆಂಗಸಿನ ಕೈಗಿಟ್ಟ.

ಅವಳು ಆಸ್ಪತ್ರೆಯ ನರ್ಸ್. ನೀಲಿ ಶಾಲು, ನೀಳ ಕತ್ತು, ಮೆಲುದನಿ. ಅವಳ ಒಬ್ಬನೇ ತಮ್ಮ ಆ ಹತ್ತೊಂಬತ್ತರಲ್ಲಿ ಒಬ್ಬ. ಟೋಕನ್ ಬೇರೆಯವರಿಗೆ ಕೊಡಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ತನ್ನದೂ ಸೇರಿ ಅವಳಿಗೆ ಆರು ನಿಮಿಷ ಸಿಕ್ಕಿತು.

ಮುಂದಿನ ಬುಧವಾರವೂ ಹಾಗೇ. ಅದರ ಮುಂದಿನ ಬುಧವಾರವೂ ಹಾಗೇ.

ನನ್ನ ಕೈಯಿಂದ ತಗೊಂಡು ಅವಳ ಕೈಗೆ... ಒಳಗೊಳಗೇ ಬೆಂದಳು ಗಂಟೆಯಕ್ಕ. ಮನೆಯಲ್ಲಿ ಎರಡು ಸಲ ಹಾಲು ಉಕ್ಕಿಸಿದಳು. ಅವಳನ್ನು ಸಾಕಿದ ದೊಡ್ಡಮ್ಮ ವಿಷಯ ಬಾಯಿ ಬಿಡಿಸಿ, ಒಲೆ ಒರೆಸುತ್ತಾ ಅಂದಳು: "ಗಂಡಸು ಸುಮ್ಮಸುಮ್ಮನೆ ಯಾರಿಗೂ ಮೂರು ನಿಮಿಷ ಬಿಟ್ಟುಕೊಡೋನಲ್ಲ ಕಣೇ."

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ನಾಲ್ಕನೇ ಬುಧವಾರ ನರ್ಸ್ ಒಂದು ಹಾಳೆ ಹಿಡಿದು ನಿಂತಳು. ಆ ಹತ್ತೊಂಬತ್ತು ಮಂದಿಯ ಹೆಸರು, ಯಾರ ಮಗ, ಅಲ್ಲಿ ಏನು ಕೆಲಸ, ಇಲ್ಲಿ ಯಾರು ಕಾಯುತ್ತಿದ್ದಾರೆ... ಒಬ್ಬೊಬ್ಬರದೇ ಓದತೊಡಗಿದಳು. ಗೋಡೆಗೆ ಒರಗಿದ್ದವರು ನೆಟ್ಟಗೆ ನಿಂತರು. ಗಡಿಯಾರದವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

ಅದನ್ನು ಗಂಟೆಯಕ್ಕ ನೋಡಿದಳು. ಮೇಜಿನ ಗಡಿಯಾರದಲ್ಲಿ ಐದು ನಿಮಿಷ ಆಗಿತ್ತು. ಇನ್ನೂ ಒಂದು ಬಾಕಿ.

ಕೈ ತಾನಾಗಿ ಹೋಯಿತು. ಟಣ್!

ಹದಿನಾರನೇ ಹೆಸರಿಗೆ ನರ್ಸ್ ಓದು ನಿಲ್ಲಿಸಿದಳು. ಗಂಟೆಯಕ್ಕನ ಗಂಟೆಯ ಮೇಲೆ ಅವಳಿಗೂ ಅನುಮಾನವಿರಲಿಲ್ಲ. ಹಾಳೆ ಮಡಚಿದಳು. "ತಮ್ಮನ ಹೆಸರು ಕೊನೆಗೆ ಇಟ್ಟುಕೊಂಡಿದ್ದೆ," ಎಂದು ಪಕ್ಕದವರಿಗೆ ಹೇಳಿ ಕೂತುಬಿಟ್ಟಳು.

ಮರುದಿನ ಬೆಳಗ್ಗೆ ಗಡಿಯಾರದವನು ಕಚೇರಿಗೆ ಬಂದ. ತನ್ನ ಕೈವಾಚಿನಲ್ಲಿ ಐದೇ ನಿಮಿಷ ಆಗಿತ್ತು, ಮೇಜಿನ ಗಡಿಯಾರ ಮುಂದೆ ಓಡಿರಬೇಕು ಎಂದ. ಹಿಂಬದಿ ಬಿಚ್ಚಿದ. ಕಿವಿಗಿಟ್ಟು ಬಹಳ ಹೊತ್ತು ಕೇಳಿದ. ಆಮೇಲೆ ತಲೆಯೆತ್ತಿ ಒಮ್ಮೆ ಅವಳ ಮುಖ ನೋಡಿ, "ನನ್ನ ಕೈಕೆಲಸದ್ದೇ ತಪ್ಪು," ಎಂದು ಹೊರಟುಹೋದ.

ನಿಜ ಹೇಳಲು ಅವಳು ಬಾಗಿಲವರೆಗೂ ಹೋಗಿ ಹಿಂದೆ ಬಂದಳು. ಹೇಳಿದರೆ ಅವನು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ...

ಅವನು ನರ್ಸ್ ಮನೆಗೆ ಹೋಗಿ ತಪ್ಪೊಪ್ಪಿಕೊಂಡನಂತೆ. ಸುದ್ದಿ ಅಧ್ಯಕ್ಷರಿಗೂ ಮುಟ್ಟಿತು. ಶಾಲೆಯ, ಆಸ್ಪತ್ರೆಯ ಗಡಿಯಾರಗಳೆಲ್ಲ ಅವನ ಕೈಯಲ್ಲಿದ್ದವು. ಅವನ್ನು ಬೇರೆಯವರಿಗೆ ವಹಿಸಿ ಎಂದು ಅಧ್ಯಕ್ಷರು ಹೇಳಿದ್ದನ್ನು ಗಂಟೆಯಕ್ಕನೇ ಟೈಪು ಮಾಡಬೇಕಾಯಿತು. ಅರ್ಧ ಸಾಲು ಹೊಡೆದು ಕೈ ನಿಲ್ಲಿಸಿದಳು.

ಐದನೇ ಬುಧವಾರ ಠರಾವಿಗೆ ಮತ ಹಾಕುವ ದಿನ. ಬೇರೆ ಯಾರೂ ಬರುವ ಮುಂಚೆಯೇ ಗಂಟೆಯಕ್ಕ ಒಂದು ಟೋಕನ್ ತೆಗೆದು ತನ್ನ ಮುಂದೆ ಇಟ್ಟುಕೊಂಡಳು. ಸಭೆ ಕೂತ ಕೂಡಲೇ ಎದ್ದು ನಿಂತಳು.

"ಗಡಿಯಾರ ಸರಿಯಾಗೇ ಇತ್ತು. ಹೋದ ವಾರ ಗಂಟೆ ಒಂದು ನಿಮಿಷ ಮುಂಚೆ ಬಾರಿಸಿದ್ದು ನಾನು. ಬೇಕಂತಲೇ." ಗಡಿಯಾರದವನತ್ತ ಕೈ ತೋರಿಸಿದಳು. "ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಇವರು ಟೋಕನ್ ಅವರಿಗೆ ಕೊಡ್ತಿದ್ದರು... ನನಗೆ ಹೊಟ್ಟೆಕಿಚ್ಚಾಯ್ತು. ಈಗ ನನಗೆ ಇನ್ನೂ ಎರಡೂವರೆ ನಿಮಿಷ ಇದೆ. ಅದು ನರ್ಸಮ್ಮನಿಗೆ."

ನರ್ಸ್ ಎದ್ದಳು. ಉಳಿದ ಮೂರು ಹೆಸರು ಓದಿದಳು. ಕೊನೆಯದು ಅವಳ ತಮ್ಮನದು. ಆಂಬುಲೆನ್ಸ್ ಓಡಿಸುವವನು, ಹನ್ನೆರಡು ದಿನದಿಂದ ಫೋನಿಲ್ಲ. ಗಂಟೆ ಬಾರಿಸುವ ಅಗತ್ಯ ಬೀಳಲಿಲ್ಲ.

ಠರಾವು ಎರಡು ಮತ ಹೆಚ್ಚಿಗೆ ಬಿದ್ದು ಪಾಸಾಯಿತು. ಯುದ್ಧವೇನೂ ಅದರಿಂದ ನಿಲ್ಲಲಿಲ್ಲ. ಪೋಸ್ಟ್‌ಮ್ಯಾನ್ ಕೊನೆವರೆಗೂ ಇದು ಪುರಸಭೆಯ ಕೆಲಸವಲ್ಲ ಅಂತಲೇ ಅಂದರು. ಆದರೆ ಹೋಗುವಾಗ ನರ್ಸ್ ಹತ್ತಿರ ನಿಂತು, ತಮ್ಮನಿಗೆ ಎಷ್ಟು ವಯಸ್ಸಮ್ಮ ಎಂದು ಕೇಳಿದರು. ಊರಿನ ಗಡಿಯಾರಗಳು ರಿಪೇರಿಯವನ ಕೈಯಲ್ಲೇ ಉಳಿದವು. ಗಂಟೆ ಮಾತ್ರ ಗಂಟೆಯಕ್ಕನ ಕೈ ತಪ್ಪಿತು. ಮೇಲಿನ ಮಹಡಿಯ ಜನನ-ಮರಣ ವಿಭಾಗಕ್ಕೆ ಅವಳನ್ನು ಹಾಕಿದರು.

ಆ ಸಂಜೆ ಸಭಾಂಗಣ ಖಾಲಿಯಾದ ಮೇಲೂ ಗಡಿಯಾರದವನು ಹೋಗಿರಲಿಲ್ಲ. ಅವಳು ತಲೆ ಬಗ್ಗಿಸಿ ಟೋಕನ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

"ಬಿಚ್ಚಿ ನೋಡಿದಾಗಲೇ ನನಗೆ ಗೊತ್ತಾಯ್ತು, ಗಡಿಯಾರ ಸರಿಯಾಗಿದೆ ಅಂತ."

ಅವಳ ಕೈ ನಿಂತಿತು. "ಮತ್ತೆ ತಪ್ಪು ನಿಮ್ಮದು ಅಂತ ಯಾಕೆ ಹೇಳಿದ್ರಿ?"

"ನಿಮ್ಮ ಗಂಟೆಯನ್ನ ಯಾರೂ ಅನುಮಾನಿಸಬಾರದು ಅನ್ನಿಸ್ತು. ಯಾಕೆ ಬಾರಿಸಿದ್ರಿ ಅಂತ ಮಾತ್ರ ತಿಳೀಲಿಲ್ಲ." ಡಬ್ಬಿಯನ್ನು ಅವಳತ್ತ ಸರಿಸಿ ಅಂದ, "ಇವತ್ತು ತಿಳೀತು."

"ನೀವು ಮಾತಾಡೋರಲ್ಲ... ವಾರ ವಾರ ಟೋಕನ್ ಯಾಕೆ ತಗೊಂಡ್ರಿ?"

"ತಗೊಳ್ಳೋಕೆ ನಿಮ್ಮ ಮೇಜಿನ ಹತ್ತಿರ ಬರಬೇಕಲ್ಲ. ತಗೊಂಡ ಮೇಲೆ ದಂಡ ಮಾಡೋದ್ಯಾಕೆ ಅಂತ, ಬೇಕಾದವರಿಗೆ ಕೊಟ್ಟೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಡಬ್ಬಿಯಿಂದ ಒಂದು ಟೋಕನ್ ತೆಗೆದು ಅವನ ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿದಳು.

"ಇದನ್ನ ಯಾರಿಗೂ ಕೊಡಬೇಡಿ."

"ಇಲ್ಲ," ಎಂದ ಅವನು.

ಆ ವಾರವೇ ನರ್ಸಿನ ತಮ್ಮನ ಫೋನು ಬಂತು. ಕಾಲಿಗೆ ಪೆಟ್ಟಾಗಿ ಆ ದೇಶದ ಗಡಿಯ ಆಸ್ಪತ್ರೆಯಲ್ಲಿದ್ದನಂತೆ. ನರ್ಸ್ ರಜೆ ಹಾಕಿ, ಅವನ ಬಳಿಗೆ ಹೋಗಲು ವಿಮಾನದ ಟಿಕೆಟ್ ತೆಗೆಸಿ ಗಂಟು ಕಟ್ಟಿದಳು. ಇವರಿಬ್ಬರೂ ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋದರು. ಗಂಟೆಯಕ್ಕನಿಗೆ ಅವಳ ಮುಖ ನೋಡುವುದಕ್ಕೇ ಆಗುತ್ತಿರಲಿಲ್ಲ. ನರ್ಸೇ ಕಿಟಕಿಯಿಂದ ಕೈ ಚಾಚಿ ಅವಳ ಕೈ ಹಿಡಿದು, "ಗಂಟೆ ಜೊತೆಗೆ ತಂದಿಲ್ಲ ತಾನೇ?" ಎಂದಳು.

ಬಸ್ಸು ಹೊತ್ತಿಗಿಂತ ಒಂದು ನಿಮಿಷ ತಡವಾಗಿ ಹೊರಟಿತು. ಅವನು ಕೈವಾಚು ನೋಡಿ, ಅಂಗಿಯ ತೋಳು ಎಳೆದು ಅದನ್ನು ಮುಚ್ಚಿದ. ನರ್ಸ್ ಊರು ಬಿಟ್ಟದ್ದು ಶನಿವಾರ, ಬೆಳಗ್ಗೆ.